ಕೊಟ್ಟೂರಾಗ ದೊರಿ ಗಾಡಿ ಮಾರಿದ್ದು

ಮನಶ್ಯಾಗ ಸಿಟ್ಟು ಬರಿಸೋ ಪ್ರಸಂಗ ವರ್ಷಕ್ಕ ಒಂದೋ ಎರಡೋ ಬಂದ್ರ ತಡಕೋಬಹುದು. ನನಗ ಸಂತಿ ಬಂದಂಗ ವಾರವಾರ ಬರ್ತಾವ, ಅದೂ ಮನಿ ಬಾಗಿಲಿಗೇ ಬರ್ತಾವ. ಕೊಟ್ಟೂರಾಗ ನಂದು ಪಂಪ್‌ಸೆಟ್ ಮೋಟರ್ ವೈಂಡಿಂಗ್ ಮಾಡೋ ಅಂಗಡಿ. ಕರ್ರಗ ಸುಟ್ಟ ಮೋಟರ್ ತಂದು ಮುಂದ ಇಟ್ಟು, "ಸುಮ್ನ ಕುಂತಿತ್ರಿ, ತಾನ ಸುಟ್ಟೈತಿ" ಅನ್ನೋ ಮಂದಿ ಜೊತಿ ಬಾಳ್ವಿ ಮಾಡಿದೋನು ನಾನು. ಅಂಥಾ ನನಗೂ ಒಂದು ಮೋಟರ್‌ಸೈಕಲ್ ತಗೊಂಡು, ರಿಪೇರಿ ಮಾಡಿ, ಮಾರೋದ್ರಾಗ ಸಾಕಪ್ಪಾ ಸಾಕು ಅನ್ನಿಸಿಬಿಟ್ರು.

ಇದು ತೊಂಬತ್ತರ ದಶಕದ ಕೊನಿಯ ಮಾತು. ಗಾಡಿ ಇಂಗ್ಲೆಂಡಿಂದು, ಬ್ರಿಟಿಷರ ಕಾಲದ್ದು. ಅದರ ಹೆಸರು ನಮ್ಮ ಓಣಿಯಾಗ ಯಾರ ಬಾಯಾಗೂ ಹೊರಳಲಿಲ್ಲ. ಎಲ್ಲಾರೂ ಅದನ್ನ 'ದೊರಿ ಗಾಡಿ' ಅಂದ್ರು. ಕಡಿಗೆ ನಾನೂ ಹಂಗ ಅನ್ನಾಕ ಹತ್ತಿದೆ.

ಕಾವಿಗೆ ಕುಂತಿತ್ತು

ಹಡಗಲಿ ಕಡೆ ಒಬ್ಬ ಗೌಡರ ತೋಟಕ್ಕ ಮೋಟರ್ ಇಳಿಸಾಕ ಹೋಗಿದ್ದೆ. ಕಾಳು ತುಂಬೋ ಹಗೇವಿನ ಪಕ್ಕದ ಹಳೆ ಕೋಣ್ಯಾಗ, ಜೋಳದ ಸಪ್ಪಿ ನಡುವ ಒಂದು ಹ್ಯಾಂಡಲ್ ಕಾಣಿಸ್ತು. ಸಪ್ಪಿ ಸರಿಸಿ ನೋಡ್ತೀನಿ, ಪೂರಾ ಒಂದು ಮೋಟರ್‌ಸೈಕಲ್! ಟ್ಯಾಂಕಿ ತುಕ್ಕು ಹಿಡಿದಿತ್ತು, ಟೈರು ಮಣ್ಣಾಗಿದ್ವು, ಆದ್ರ ಎಂಜಿನ್ ಮಾತ್ರ ಗಟ್ಟಿ ಕುಂತಿತ್ತು. ಯಾರೋ ಬಿಳಿ ಎಂಜಿನಿಯರ್ ಊರು ಬಿಡೋ ಮುಂದ ಗೌಡರ ಅಜ್ಜ ಅವನ ಕೈಯಿಂದ ತಗೊಂಡಿದ್ನಂತ.

ಗೌಡ್ರು ಭಾಳ ಒಳ್ಳೇರು. "ಒಯ್ರಿ ಮಾರಾಯ್ರ, ನಮಗ ಜಾಗ ಆಗ್ತೈತಿ" ಅಂದ್ರು. ವ್ಯಾಪಾರ ಚಹಾ ಕುಡಿಯೋದ್ರಾಗ ಮುಗೀತು. ನಾನು ಹಿಗ್ಗಿಲೆ ಟೆಂಪೊ ತಂದೆ. ಗಾಡಿಗೆ ಕೈ ಹಚ್ಚಿದೆ ನೋಡ್ರಿ, ಗೌಡ್ತಿ ಒಳಗಿಂದ ಓಡಿ ಬಂದ್ಲು.

"ಏ ಏ! ಮುಟ್ಟಬ್ಯಾಡ್ರಿ! ಕೋಳಿ ಕಾವಿಗೆ ಕುಂತೈತಿ!"

ಸೀಟಿನ ಮ್ಯಾಲ ಒಂದು ಪುಟ್ಟಿ, ಪುಟ್ಟಿಯಾಗ ಹುಲ್ಲು, ಹುಲ್ಲಿನ್ಯಾಗ ಒಂದು ಕೆಂಪು ಕೋಳಿ. ಅದು ನನ್ನ ಕಡೆ ಕಣ್ಣು ಕಿಸಿದು ನೋಡಾಕ ಹತ್ತಿತ್ತು.

"ಪುಟ್ಟಿ ಎತ್ತಿ ಅತ್ಲಾಗ ಇಡ್ರಿ ಅವ್ವಾರ" ಅಂದೆ.

"ಅಲುಗ್ಯಾಡಿಸಿದ್ರ ತತ್ತಿ ಕೆಡ್ತಾವ. ಮರಿ ಮಾಡೋತನಕ ತಡೀರಿ" ಅಂದ್ಲು ಗೌಡ್ತಿ. ಗೌಡ್ರು ತಲಿ ಕೆಳಗ ಹಾಕಿ ಬೀಡಿ ಹಚ್ಚಿದ್ರು. ಆ ಮನ್ಯಾಗ ಯಾರ ಮಾತು ನಡೀತೈತಿ ಅನ್ನೋದು ನನಗ ಗೊತ್ತಾತು.

ಕೊಟ್ಟೂರಿನಿಂದ ಹಡಗಲಿಗೆ ನಾನು ಕೋಳಿ ಯೋಗಕ್ಷೇಮ ವಿಚಾರಿಸಾಕ ಅಡ್ಡಾಡಿದೆ. ನನ್ನ ಹೆಂಡ್ತಿ ಬಾಣಂತನಕ್ಕೂ ನಾನು ಅಷ್ಟು ಸಲ ಹೋಗಿರಲಿಲ್ಲ, ಅದನ್ನ ಅಕಿ ಇವತ್ತಿಗೂ ಎತ್ತಿ ಆಡ್ತಾಳ. ಅಂತೂ ಮರಿ ಆದ್ವು. ಟೆಂಪೊಕ್ಕ ಗಾಡಿ ಏರಿಸಿ ಹಗ್ಗ ಬಿಗದೆ. ಗೌಡ್ತಿ ಬಂದು, ಟೆಂಪೊ ಹಿಂದ ನಾನು ಹತ್ತಿ ಬಂದಿದ್ದ ಮೊಪೆಡ್ ಹಿಡಕೊಂಡು ನಿಂತ್ಲು.

"ಇದನ್ನ ಬಿಟ್ಟು ಹೋಗ್ರಿ" ಅಂದ್ಲು. "ಬಿಳಿ ಕೋಳಿನೂ ಕಾವಿಗೆ ಬಂದೈತಿ. ಅದಕ್ಕ ಜಾಗ ಬೇಕಲ್ರಿ?"

ಡಾಕ್ಟರ್ ಕೊಟ್ಟ ಸಲಹಾ

ಮೂರು ವರ್ಷ ಆ ಗಾಡಿ ಹಿಂದ ಬಿದ್ದೆ. ಸಿಕ್ಕ ಸಾಮಾನು ಬೆಂಗಳೂರು ಗುಜರಿಯಿಂದ ತಂದೆ, ಸಿಗಲಾರದ್ದನ್ನ ದಾವಣಗೆರಿ ಲೇತ್‌ನ್ಯಾಗ ಹೊಡಿಸಿದೆ. ಕಿಡಿ ಕೊಡೋ ಮ್ಯಾಗ್ನೆಟೊ ನಾನ ಕುಂತು ವೈಂಡಿಂಗ್ ಮಾಡಿದೆ. ಇದೆಲ್ಲಾ ನಡಿಯೋದು ಮನಿ ಅಂಗಳದಾಗ. ನಮ್ಮವ್ವ ಕಟ್ಟಿ ಮ್ಯಾಲ ಕುಂತು ಶೇಂಗಾ ಸುಲಿತಾ ನೋಡ್ತಿದ್ಲು. "ಎಣ್ಣಿ ಭಾಳ ಕುಡಿಸಬ್ಯಾಡ ತಮ್ಮಾ, ಹೊಟ್ಟಿ ಜಾಡಿಸ್ತೈತಿ" ಅಂತಿದ್ಲು. ಅಕಿ ಅಂದದ್ದೂ ಸುಳ್ಳಲ್ಲ, ಎಷ್ಟು ಬಿಗದ್ರೂ ಆ ಎಂಜಿನ್ ಕೆಳಗ ಎಣ್ಣಿ ಸೋರೋದು ನಿಲ್ಲಲಿಲ್ಲ.

ಗಾಡಿ ಚಾಲೂ ಆದ ದಿವಸ ಓಣಿ ಮಂದಿಯೆಲ್ಲಾ ಹೊರಗ ಬಂದು ನಿಂತಿದ್ರು. ಆ ಸಪ್ಪಳ ಕೇಳಬೇಕ್ರಿ ನೀವು! ದಡ್, ದಡ್, ದಡ್ ಅಂತ ತಡದು ತಡದು ಬರ್ತಿತ್ತು. ನಾನು ಅವತ್ತು ಅತ್ತುಬಿಟ್ಟೆ. ಅದರಾಗ ನಾಚಿಕಿ ಏನೈತಿ? ಸತ್ತದ್ದು ಎದ್ದು ಮಾತಾಡಿದ್ರ ಯಾರಾರ ಅಳ್ತಾರ.

ಆದ್ರ ಆ ಗಾಡಿಗೆ ಒಂದು ಕೆಟ್ಟ ಚಾಳಿ. ಕಿಕ್ ಹೊಡಿಯೋವಾಗ ಒಂದೀಟು ತಪ್ಪಿದ್ರ ತಿರುಗಿ ಒದೀತಿತ್ತು. ಒಂದು ದಿವಸ ಹಂಗ ಒದ್ದದ್ದಕ್ಕ ನನ್ನ ಬಲ ಮಣಕಾಲಿನ ಚಿಪ್ಪು ಸರೀತು. ಹಗರಿಬೊಮ್ಮನಹಳ್ಳ್ಯಾಗ ಒಬ್ಬ ಎಲುಬಿನ ಡಾಕ್ಟರ್ ಹತ್ರ ಹೊತ್ತುಕೊಂಡು ಒಯ್ದ್ರು. ಅವರು ಎಕ್ಸ್‌ರೇ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ್ರು.

"ಇನ್ನ ಮ್ಯಾಲ ಆ ಗಾಡಿ ನೀವು ಒದೀಬಾರದು. ಮತ್ತೊಮ್ಮಿ ಸರದ್ರ ಕೋಲು ಹಿಡೀಬೇಕಾಗ್ತೈತಿ. ಮಾರಿಬಿಡ್ರಿ" ಅಂದ್ರು.

ಹಾಸಿಗಿ ಮ್ಯಾಲ ಮಲಕೊಂಡ ಒಂದು ಮಾತು ಗಟ್ಟಿ ಮಾಡಿಕೊಂಡೆ. ಮಾರ್ತೀನಿ, ಆದ್ರ ಓಡಿಸೋನಿಗೆ ಮಾರ್ತೀನಿ. ಸಪ್ಪಿ ನಡುವಿಂದ ಎತ್ತಿ ತಂದದ್ದನ್ನ ತಿರುಗಿ ಮೂಲ್ಯಾಗ ನಿಂದ್ರಿಸೋನಿಗೆ ಮಾತ್ರ ಕೊಡಂಗಿಲ್ಲ. ಅದು ದಾರಿ ಮ್ಯಾಲ ಓಡಬೇಕು, ಅದರ ಸಪ್ಪಳ ಕೇಳಬೇಕು.

ಡಾಕ್ಟರ್ ಕಾಲಿಗೆ ಪಟ್ಟಿ ಕಟ್ಟುತ್ತಾ ಸಣ್ಣ ದನಿ ಮಾಡಿ ಕೇಳಿದ್ರು, "ನನಗ ಕೊಡ್ತೀರೇನ್ರಿ?"

ನಾನು ತಟ್ಟನ ಎದ್ದು ಕುಂತೆ. ಇದು ರೋಗಿಗೆ ಕೊಟ್ಟ ಸಲಹಾನೋ, ವ್ಯಾಪಾರನೋ? ಸಿಟ್ಟು ನುಂಗಿಕೊಂಡು, "ನೀವು ಓಡಿಸ್ತೀರೇನು ಸಾರ್?" ಅಂದೆ.

"ಛೇ ಛೇ, ಎಕ್ಸ್‌ರೇ ನೋಡೀನಲ್ರಿ! ಹಾಲ್‌ನ್ಯಾಗ ನಿಂದ್ರಿಸ್ತೀನಿ. ನಮ್ಮನ್ಯಾಗ ಟಿವಿ ಇಡಾಕ ಒಂದು ಚಲೋ ಸ್ಟ್ಯಾಂಡ್ ಇಲ್ಲ."

ಎಂಜಿನ್ ಅಷ್ಟ ಸಾಕು

ಗಾಡಿ ಮಾರಾಕ ಐತಿ ಅನ್ನೋ ಸುದ್ದಿ ಹೆಂಗೋ ಕೂಡ್ಲಿಗಿ ತಾಲ್ಲೂಕು ಮುಟ್ಟಿತ್ತು. ಹೊಸಹಳ್ಳಿಯಿಂದ ಒಬ್ಬ ಗಿರಣಿ ಮಾಲಕ ಬಂದ. ಮೈ ತುಂಬ ಹಿಟ್ಟು, ತಲಿಗೆ ಟವಲು. ನಮ್ಮ ಪಕ್ಕದ ಮನಿ ಹುಡುಗರ ಕೈಲೆ ಗಾಡಿ ಚಾಲೂ ಮಾಡಿಸಿದೆ. ಅವ ಕಣ್ಣು ಮುಚ್ಚಿ, ತಲಿ ತೂಗುತ್ತಾ, ಸಂಗೀತ ಕೇಳಿದಂಗ ಕೇಳಿದ.

"ಆಹಾಹಾ! ಏನು ಎಳತ ಐತ್ರಿ ಇದರದು! ಎಷ್ಟು ಹೊತ್ತು ಬಿಟ್ರೂ ದಮ್ಮು ಹಿಡಿಯಂಗಿಲ್ಲ ಇದು" ಅಂದ.

ನನ್ನ ಜೀವಕ್ಕ ತಂಪಾತು. ಬಂದನಲ್ಲಪ್ಪಾ ಗೊತ್ತಿದ್ದೋನು ಅಂತ ಒಳಗಿಂದ ಚಹಾ ತರಿಸಿದೆ, ಚಹಾದ ಜೊತಿ ಮಂಡಕ್ಕಿ ಮಿರ್ಚಿನೂ ತರಿಸಿದೆ. ಅವ ಮಿರ್ಚಿ ತಿನ್ನುತ್ತಾ ಕಿಸೆದಿಂದ ಟೇಪು ತಗದು ಎಂಜಿನ್ ಅಳಿಯಾಕ ಕುಂತ.

"ಯಾಕ್ರಿ ಅಳೀತೀರಿ?"

"ಪಟ್ಟಾ ಎಲ್ಲಿ ಹಾಕೋದು ಅಂತ ನೋಡಾಕ ಹತ್ತೀನ್ರಿ. ನಮ್ಮೂರಾಗ ಕರೆಂಟ್ ಇರಂಗಿಲ್ಲ. ಖಾರ ಕುಟ್ಟೋ ಮಷಿನ್ನಿಗೆ ಇದನ್ನ ಹಚ್ಚಿದ್ರ ಮಸ್ತ್ ಆಗ್ತೈತಿ. ಗಾಲಿ, ಹ್ಯಾಂಡಲ್ ಎಲ್ಲಾ ನೀವ ಇಟ್ಕೊಳ್ರಿ, ನನಗ ಎಂಜಿನ್ ಅಷ್ಟ ಸಾಕು."

ಮಿರ್ಚಿ ತಾಟು ಕಸಕೊಂಡೆ. ಹೌದ್ರಿ, ಮನಿಗೆ ಬಂದೋನ ಮುಂದಿನ ತಾಟು ಕಸಕೊಂಡೆ! ಮೂರು ವರ್ಷ ನಾನು ಕಣ್ಣಾಗ ಕಣ್ಣಿಟ್ಟು ಮಾಡಿದ ಎಂಜಿನ್ನು, ಬ್ಯಾಡಗಿ ಮೆಣಸಿನಕಾಯಿ ಕುಟ್ಟಾಕ ಹಚ್ಚಬೇಕಂತ! "ನಡೀರಿ ಹೊರಗ" ಅಂತ ಕೂಗಿದೆ.

ಅವನಿಗೆ ಬ್ಯಾಸರ ಇಲ್ಲ, ಸಿಟ್ಟಿಲ್ಲ. ಟವಲು ಜಾಡಿಸಿ ಹೆಗಲಿಗೆ ಹಾಕ್ಕೊಂಡ.

"ಗಾಡಿ ಮ್ಯಾಲ ಅಷ್ಟು ಜೀವ ಇದ್ರ ವಾರಕ್ಕೊಮ್ಮಿ ಬಂದು ನೋಡಿಕೊಂಡು ಹೋಗ್ರಿ, ಯಾರು ಬ್ಯಾಡ ಅಂತಾರ?" ಅಂದ. "ಬರೋವಾಗ ಮೆಣಸಿನಕಾಯಿ ತಗೊಂಡು ಬರ್ರಿ."

ಬ್ರೇಕ್ ಹಾಕಿದ್ರ ಸಿಟ್ಟು

ಇನ್ನೊಬ್ಬ ಹಗರಿಬೊಮ್ಮನಹಳ್ಳಿಯ ಅರಿವಿ ಅಂಗಡಿ ಸಾಹುಕಾರನ ಮಗ. ಬಿಳಿ ಪ್ಯಾಂಟು, ಬಿಳಿ ಬೂಟು, ಕಣ್ಣಿಗೆ ಕರಿ ಚಸ್ಮಾ. ಓಡಿಸ್ತೀನಿ ಅಂದ, ಅದಕ್ಕ ನನಗ ಖುಷಿ ಆತು. ಅವರೂರಿನ ಮಾರ್ಕೆಟ್ ಯಾರ್ಡ್ ವಿಶಾಲ ಐತಿ, ಅಲ್ಲೇ ನೋಡೋಣು ಅಂತ ಗಾಡಿ ಒಯ್ದೆ.

ಈ ಗಾಡಿ ಸ್ವಭಾವ ಬ್ಯಾರೆ. ಈಗಿನ ಗಾಡಿಗೆ ಗೇರ್ ಎಡಗಾಲಿಗೆ, ಬ್ರೇಕ್ ಬಲಗಾಲಿಗೆ. ದೊರಿ ಗಾಡಿಗೆ ಅದು ಉಲ್ಟಾ. ಮತ್ತ ಬಲಗಾಲಿಲೆ ಕೆಳಗ ಒತ್ತಿದಂಗ ಒತ್ತಿದಂಗ ಗೇರ್ ಮ್ಯಾಲ ಮ್ಯಾಲ ಹೋಗ್ತಾವ. ಇದನ್ನ ಆ ಹುಡುಗನಿಗೆ ತಿಳಿಸಾಕ ಹೋದೆ.

"ಗೊತ್ತೈತ್ರಿ ಅಂಕಲ್, ಗೊತ್ತೈತಿ" ಅಂದ. ಈ ಗೊತ್ತೈತಿ ಅನ್ನೋರನ್ನ ಕಂಡ್ರ ನನಗ ಆಗಂಗಿಲ್ಲ. ಆದ್ರೂ ಬಿಟ್ಟೆ.

ಹೊಂಟ. ಮೊದಲನೆ ಸುತ್ತು ಛಂದ ಹೊಡೆದ. ಎದುರಿಗೆ ಶೇಂಗಾ ಚೀಲದ ಗಾಡಿ ಬಂತು. ನಿಂದ್ರಿಸಾಕ ಬಲಗಾಲು ಒತ್ತಿದ. ಗಾಡಿ ನಿಲ್ಲೋ ಬದಲಿ ಮುಂದ ಜಿಗೀತು. ಗಾಬರಿಯಾಗಿ ಇನ್ನೂ ಜೋರ್ ಒತ್ತಿದ, ಇನ್ನೂ ಜೋರ್ ಹೋತು. "ಎಡಗಾಲು! ಎಡಗಾಲು ಒತ್ತೋ!" ಅಂತ ನಾನು ಕುಂಟುತ್ತಾ ಹಿಂದ ಓಡಿದೆ. ಹಮಾಲರೆಲ್ಲಾ ಚೀಲ ಒಗದು ಕಟ್ಟಿ ಏರಿದ್ರು. ಅವ ಯಾರ್ಡ್ ತುಂಬ ಸುತ್ತಿ, ಕಡಿಗೆ ಮೂಲ್ಯಾಗ ಒಟ್ಟಿದ್ದ ಶೇಂಗಾ ಹೊಟ್ಟಿನ ಗುಡ್ಡಕ್ಕ ಹೊಕ್ಕ. ಗಾಡಿ ಅರ್ಧ ಮುಳುಗಿ ನಿಂತಿತು, ಅವ ಪೂರಾ ಮುಳುಗಿದ್ದ.

ಹಮಾಲರು ಎಳದು ಹೊರಗ ತಗದ್ರು. ಬಿಳಿ ಪ್ಯಾಂಟು ಹೋಗಿ ಮಣ್ಣಿನ ಬಣ್ಣ ಆಗಿತ್ತು. ನಾನು ಮೊದಲು ಗಾಡಿ ನೋಡಿದೆ, ಟ್ಯಾಂಕಿಗೆ ಒಂದು ಗೀರು ಬಿದ್ದಿತ್ತು. ಬೈಯಬೇಕಂತ ಬಾಯಿ ತಗದೆ, ಅಷ್ಟರಾಗ ಅವನ ನನ್ನ ಮ್ಯಾಲ ಏರಿ ಬಂದ.

"ಎಂಥಾ ಗಾಡಿ ಇಟ್ಟೀರಿ ಅಂಕಲ್ ನೀವು! ಬ್ರೇಕ್ ಹಾಕಿದ್ರ ಇದಕ್ಕ ಸಿಟ್ಟು ಬರ್ತೈತಿ!"

ದೊರಿಗಳು ತೊಲಗಿದ್ದು

ತೆಲಿಗಿ ಕಡೆಯ ಒಂದು ಸಾಲಿಯ ಡ್ರಿಲ್ ಮಾಸ್ತರು ಬಂದ್ರು. ಮೀಸಿ ತಿರುವಿದ ದೊಡ್ಡ ಆಳು. "ನಾನು ತಗಂತೀನಿ, ದಿನಾ ಸಾಲಿಗೆ ಇದರ ಮ್ಯಾಲೇ ಹೋಗ್ತೀನಿ. ಆದ್ರೆ ಮೊದ್ಲು ಆಗಸ್ಟ್ ಹದಿನೈದರ ದಿನ ಒಂದಿನ ಕೊಡ್ರಿ. ಹುಡುಗ್ರು ನಾಟಕ ಮಾಡ್ತಾರೆ, ನಂದು ಬ್ರಿಟಿಷ್ ಕಲೆಕ್ಟರ್ ಪಾರ್ಟು" ಅಂದ್ರು. ದಿನಾ ಓಡಿಸೋನು ಅಂದ್ರ ನನಗ ಬೇಕಾದೋನ. ನಾನ ಟೆಂಪೊದಾಗ ಗಾಡಿ ಒಯ್ದು ಕೊಟ್ಟೆ.

ಝಂಡಾ ಏರಿತು, ಭಾಷಣ ಮುಗೀತು, ನಾಟಕ ಸುರು ಆತು. ಸಾಲಿ ಮುಂದಿನ ಬಯಲಾಗ ಊರಿಗೂರ ಕುಂತಿತ್ತು. ಮಾಸ್ತರು ಟೊಪ್ಪಿಗಿ ಹಾಕ್ಕೊಂಡು, ಮುಖಕ್ಕ ಪಾವಡರ್ ಮೆತ್ತಿಕೊಂಡು ಗಾಡಿ ಮ್ಯಾಲ ಬಂದ್ರು. ಮಂದಿ ಸೀಟಿ ಹೊಡದ್ರು. ಮಾಸ್ತರು ಗಾಡಿ ಬಂದ್ ಮಾಡಿ, ಇಳಿದು, ಹೋರಾಟಗಾರರಾಗಿದ್ದ ಹುಡುಗರಿಗೆ ನಾಕು ಮಾತು ಗದರಿಸಿದ್ರು. ಹುಡುಗರು ಹೆದರಲಿಲ್ಲ. ಕತಿ ಪ್ರಕಾರ ದೊರಿ ಸೋತು ಗಾಡಿ ಹತ್ತಿ ಓಡಿ ಹೋಗಬೇಕು.

ಮಾಸ್ತರು ಕಿಕ್ ಹೊಡದ್ರು. ಗಾಡಿ ಕೆಮ್ಮಿತು. ಮತ್ತ ಹೊಡದ್ರು, ಅದೂ ಇಲ್ಲ. ಬಿಸಿ ಆದಮ್ಯಾಲ ಅದನ್ನ ಚಾಲೂ ಮಾಡೋದಕ್ಕ ಒಂದು ಹದ ಐತಿ, ಅದನ್ನ ನಾನು ಹೇಳಿದ್ದೆ, ಅವರು ಮಾತಿನ ಪಾಠದ ಧ್ಯಾನದಾಗ ಮರತಿದ್ರು. ಪಾವಡರ್ ಬೆವರಾಗಿ ಹರಿಯಾಕ ಹತ್ತಿತು. ಹುಡುಗರು "ಬ್ರಿಟಿಷರೇ, ಭಾರತ ಬಿಟ್ಟು ತೊಲಗಿ!" ಅಂತ ಕೂಗೋ ಮಾತು ಬಂದಿತ್ತು. ಕೂಗಿದ್ರು. ದೊರಿ ತೊಲಗಲಿಲ್ಲ. ಮತ್ತ ಕೂಗಿದ್ರು. ದೊರಿ ಕಿಕ್ ಹೊಡೀತಾನ ಇದ್ದ.

ಕಡಿಗೆ ಕಲೆಕ್ಟರ್ ಸಾಹೇಬ್ರು ಹಲ್ಲು ಕಡಿದು, "ದಬ್ರೋ!" ಅಂದ್ರು.

ಹೋರಾಟಗಾರರೆಲ್ಲಾ ಹಿಂದ ಬಂದು ಗಾಡಿಗೆ ಕೈ ಹಚ್ಚಿದ್ರು. ಬಾಯಾಗ "ತೊಲಗಿ! ತೊಲಗಿ!", ಕೈಯಾಗ ದಬ್ಬೋದು. ಊರಿನ ನಾಕು ಮಂದಿ ಮುದುಕರೂ ಧೋತ್ರ ಕಟ್ಟಿ ಕೈ ಹಚ್ಚಿದ್ರು. ಬಯಲು ದಾಟಿ, ಕೆರಿ ದಾರಿ ತನಕ ದಬ್ಬಿಕೊಂಡು ಹೋದ್ರು, ಅಲ್ಲಿ ಚಾಲೂ ಆತು. ಚಪ್ಪಾಳಿ ಅಂದ್ರ ಚಪ್ಪಾಳಿ!

ಸ್ವಲ್ಪ ಹೊತ್ತಿಗೆ ಮಾಸ್ತರು ಸಾಲಿ ಬಯಲಿಗೇ ಗಾಡಿ ತಿರುಗಿ ತಂದು ಕೊಟ್ರು. "ಬ್ಯಾಡ್ರಿ ನಂಗೆ" ಅಂದ್ರು. ನನಗ ರೇಗಿತು. ಒಂದು ದಿವಸ ಕೆಮ್ಮಿತು ಅಂತ ಬಿಟ್ಟು ಹೋಗೋದೇನು ಅಂತ ಜಗಳ ತಗದೆ. ಪಕ್ಕದಾಗ ನಿಂತಿದ್ದ ಒಬ್ಬ ಮುದುಕ, ಗಾಡಿ ದಬ್ಬಿ ಇನ್ನೂ ಏದುಸಿರು ಬಿಡ್ತಿದ್ದೋನು, ನನ್ನ ಹೆಗಲ ಮ್ಯಾಲ ಕೈ ಇಟ್ಟ.

"ಸಿಟ್ಟಾಗಬ್ಯಾಡಪ್ಪ. ಸ್ವಾತಂತ್ರ್ಯಕ್ಕೆ ಇಷ್ಟು ಕಷ್ಟ ಪಟ್ಟಿದ್ರು ಅಂತ ನಂಗೂ ಗೊತ್ತಿರ್ಲಿಲ್ಲ."

ಹಗ್ಗ

ನಾನು ಆಸೆ ಬಿಟ್ಟಿದ್ದೆ. ಗಾಡಿಗೆ ಗೋಣಿತಾಟು ಹೊಚ್ಚಿದೆ. ದಿನಾ ಹೊರಗ ಹೋಗೋವಾಗ ಅದನ್ನ ನೋಡಿ ಮುಖ ಆ ಕಡೆ ಮಾಡ್ತಿದ್ದೆ. ತಿರುಗಿ ಮೂಲಿ ಸೇರಿಸಿದೋನು ನಾನ ಆದ್ನಲ್ಲ ಅಂತ ಭಾಳ ಹೊಟ್ಟಿ ಉರಿತಿತ್ತು.

ಆಗ ಬಂದ ಹರಪನಹಳ್ಳಿಯ ಡ್ರೈವರ್. ಆಯುಷ್ಯವೆಲ್ಲಾ ಖಾಸಗಿ ಬಸ್ಸು ಹೊಡೆದು ನಿವೃತ್ತಿ ಆದೋನು. ಬಂದೋನು ಮೈಲೇಜ್ ಎಷ್ಟು ಕೊಡ್ತೈತಿ ಅಂತ ಕೇಳಲಿಲ್ಲ. ಗೋಣಿತಾಟು ತಗದು, ಚಪ್ಪಲಿ ಬಿಟ್ಟು, ಗಾಡಿ ಸುತ್ತ ಒಂದು ಸುತ್ತು ಹಾಕಿದ. ಕಿಡಿ ಹಿಂದ ಮುಂದ ಮಾಡೋ ಸಣ್ಣ ಕಡ್ಡಿ ತಾನ ಸರಿಸಿ, ಒಂದೇ ಕಿಕ್ಕಿಗೆ ಚಾಲೂ ಮಾಡಿದ. ಉಜ್ಜಿನಿ ದಾರಿ ಹಿಡಿದು ಹೋಗಿ ತಿರುಗಿ ಬಂದ. ಅವನ ಮುಖ ನೋಡಿದೆ, ಕಣ್ಣು ತುಂಬಿದ್ವು.

"ಏನ್ಮಾಡ್ತೀರಿ ಇದನ್ನ?" ಅಂದೆ.

"ಏನ್ಮಾಡ್ತೀನ್ರಿ? ಓಡಿಸ್ತೀನಿ. ಮೂವತ್ತು ವರ್ಷ ಮಂದೀನ ಹತ್ತಿಸ್ಕಂಡು ಹೋಗೀನಿ, ಇನ್ಮುಂದೆ ಒಬ್ನೇ ಹೋಗ್ತೀನಿ" ಅಂದ.

ನಾನು ಅಲ್ಲೇ ವ್ಯಾಪಾರ ಮುಗಿಸಿದೆ. ಮರುದಿವಸ ಚಲೋ ಹೊತ್ತು ನೋಡಿ ಒಯ್ಯಾಕ ಬಂದ. ಕಾಯಿ ಒಡದ್ವಿ, ಅವ್ವ ಗಾಡಿಗೆ ಕುಂಕುಮ ಹಚ್ಚಿ ಆರತಿ ಎತ್ತಿದ್ಲು, ಓಣಿ ಮಂದಿ ನೆರೀತು. ಡ್ರೈವರ್ ಗಾಡಿ ಚಾಲೂ ಮಾಡಿ, ಕ್ಲಚ್ ಹಿಡಿದ. ಕ್ಲಚ್ ಹಿಡಿಕಿ ಸತ್ತ ಕೋಳಿ ಕುತ್ತಿಗಿ ಹಂಗ ಜೋತು ಬಿತ್ತು. ಬಗ್ಗಿ ನೋಡ್ತೀವಿ, ವೈರ್ ಇಲ್ಲ!

ನನ್ನ ತಲಿ ಕೆಟ್ಟು ಹೋತು. ನಿನ್ನಿ ಇದ್ದ ವೈರು! "ಯಾವನಲೇ ಅವ ಕದ್ದೋನು? ಈ ಓಣಿಯಾಗ ಒಂದು ಒಳ್ಳೆ ಕೆಲಸ ಆಗಾಕ ಬಿಡಂಗಿಲ್ಲೇನು?" ಅಂತ ಕೂಗಿದೆ. ಎದುರಿನ ಸೈಕಲ್ ಅಂಗಡಿಯೋನ ಅಂಗಿ ಹಿಡಿದೆ. ಚಹಾದಂಗಡಿಯೋನ ಡಬ್ಬಿ ತಗಸಿ ನೋಡಿದೆ. ಪಕ್ಕದ ಮನಿ ಹುಡುಗರನ್ನ ಸಾಲಾಗಿ ನಿಂದ್ರಿಸಿದೆ.

"ಮಂದೀನ ಯಾಕ ಬೈತೀಯೋ ತಮ್ಮಾ?" ಅಂದ್ಲು ಅವ್ವ ಬಾಗಿಲಾಗಿಂದ. "ನಾನ ಬಿಚ್ಚಿ ಇಟ್ಟೀನಿ."

"ನೀನಾ? ಏನನ್ನ?"

"ಹಗ್ಗ. ಮನಿ ಜೀವ ಮಾರಿದ್ರ ಯಾವನಾರ ಹಗ್ಗ ಸಮೇತ ಕೊಡ್ತಾನೇನು? ಹಗ್ಗ ಹೋದ್ರ ಮನಿ ಲಕ್ಷ್ಮಿ ಹೋತು ಅಂತ. ನಿಮ್ಮಪ್ಪ ಅಷ್ಟು ಎತ್ತು ಮಾರಿದ, ಒಂದಕ್ಕರ ಹಗ್ಗ ಕೊಟ್ಟಾನೇನು? ತಗೊಳ್ಳೋರು ತಮ್ಮ ಹಗ್ಗ ತಾವ ತರ್ತಾರ."

"ಅವ್ವಾ, ಇದು ಎತ್ತಲ್ಲ, ಮೋಟರ್‌ಸೈಕಲ್!"

"ಮೂರು ವರ್ಷ ಮೈ ತಿಕ್ಕಿ, ಎಣ್ಣಿ ಕುಡಿಸಿ, ಮಳಿ ಬಂದ್ರ ಒಳಗ ಕಟ್ಟಿದ್ಯಲ್ಲ, ಅವಾಗ ಏನಾಗಿತ್ತು ಇದು?"

ಓಣಿ ಮಂದಿ 'ಖರೆ ಐತಿ, ಖರೆ ಐತಿ' ಅಂದ್ರು. ನಾನು ಅಂಗಿ ಹಿಡಿದಿದ್ದ ಸೈಕಲ್ ಅಂಗಡಿಯೋನೂ ಖರೆ ಐತಿ ಅಂದ. ನಾನು ಅವ್ವನ ಕಾಲಿಗೆ ಬಿದ್ದೆ, ವೈರ್ ಕೊಡಲಿಲ್ಲ. ಹೊಸಾದು ಬೇಕಂದ್ರ ದಾವಣಗೆರಿಗೆ ಹೋಗಬೇಕು. ಅಂತೂ ವ್ಯಾಪಾರ ಮುರೀತು, ಈ ಮನಶ್ಯಾನೂ ಕೈ ತಪ್ಪಿದ ಅಂತ ನಾನು ಕಟ್ಟಿ ಮ್ಯಾಲ ಕುಸಿದೆ.

ಡ್ರೈವರ್ ಅವ್ವಗ ಕೈ ಮುಗಿದ. "ನೀವು ಹೇಳಿದ್ದು ಸರಿ ಐತೆ ಅವ್ವಾ. ಹಗ್ಗ ನಾನು ತರಬೇಕಿತ್ತು, ನಂದೇ ತಪ್ಪು" ಅಂದ. ನನ್ನ ಕಡೆ ತಿರುಗಿ, "ಕ್ಲಚ್ ಇಲ್ಲದ ಬಸ್ಸೇ ತುಂಬಿದ ಪ್ಯಾಸೆಂಜರ್ ಇಟ್ಕಂಡು ಹೊಡೆದೀನಿ. ಒಂದೀಟು ದಬ್ರಿ ಸಾಕು" ಅಂದ.

ದಬ್ಬಿದ್ವಿ. ಗಾಡಿ ಉರುಳೋ ಹದಕ್ಕ ಸರಿಯಾಗಿ ಕಾಲು ಆಡಿಸಿ ಗೇರ್ ಕೂಡಿಸಿದ, ಒಂದು ಕಿರುಗುಟ್ಟೋ ಸಪ್ಪಳನೂ ಇಲ್ಲ. ದಡ್, ದಡ್, ದಡ್ ಅಂತ ಹರಪನಹಳ್ಳಿ ದಾರಿ ಹಿಡಿದ. ಸಪ್ಪಳ ಸಣ್ಣಗಾಗೋತನಕ ನಾನು ದಾರ್ಯಾಗ ನಿಂತಿದ್ದೆ. ಸಿಕ್ಕನಪ್ಪಾ ನನ್ನ ಗಾಡಿಗೆ ಓಡಿಸೋನು ಅಂತ ಮನಸ್ಸು ತುಂಬಿ ಬಂತು. ಅವ್ವನ ಮ್ಯಾಲಿನ ಸಿಟ್ಟೂ ಇಳೀತು.

ಮಧ್ಯಾಹ್ನ ಎದುರಿನ ಎಸ್‌ಟಿಡಿ ಬೂತಿನೋನು ಫೋನ್ ಬಂದೈತಿ ಅಂತ ಕರದ, ಹೋದೆ. ಡ್ರೈವರ್ ಮಾತಾಡಿದ.

"ಮುಟ್ಟಿದೆ ರೀ. ಗಾಡಿ ಅಂದ್ರೆ ಗಾಡಿ! ಕ್ಲಚ್ಚಿನ ಚಿಂತೆ ಆಗಲಿಲ್ಲ. ಊರ ಹತ್ರ ಎಮ್ಮೆ ಅಡ್ಡ ಬಂದ್ವು, ಮುಂದಿನ ಬ್ರೇಕ್ ಹಿಡಿದೆ, ಅದೂ ಖಾಲಿ ಐತೆ. ಹಿಂದಿನ ಗಾಲಿಗೆ ಸಳಿ ಮ್ಯಾಲೆ ನಡೆಯೋ ಕಾಲಿನ ಬ್ರೇಕ್ ಒಂದಿತ್ತು, ಬದುಕಿದೆ. ಅವ್ವಾರನ್ನ ಒಂದು ಮಾತು ಕೇಳ್ರಿ."

ಫೋನ್ ಕೈಯಾಗ ಹಿಡಕೊಂಡ ತಿರುಗಿದೆ. ಅವ್ವ ನನ್ನ ಹಿಂದ ಬಂದು ಬೂತಿನ ಬಾಗಿಲಾಗ ನಿಂತಿದ್ಲು.

"ಬ್ರೇಕ್ ವೈರೂ ಬಿಚ್ಚೀಯೇನು?" ಅಂತ ಕಿರುಚಿದೆ.

"ಎತ್ತಿಗೆ ಮೂಗಿನ ಮೂಗುದಾಣ ಬ್ಯಾರೆ, ಕೊರಳ ಕಣ್ಣಿ ಬ್ಯಾರೆ. ಒಂದು ಬಿಚ್ಚಿ ಒಂದು ಬಿಡ್ತಾರೇನು?" ಅಂದ್ಲು. ಆಮ್ಯಾಲ ಫೋನಿನ ಕಡೆ ಬಟ್ಟು ತೋರಿಸಿದ್ಲು.

"ಹಿಂದಿನ ಗಾಲಿಗೆ ಒಂದು ಕಬ್ಬಿಣದ ಸಳಿ ಉಳದೈತಿ, ಬೆಳಿಗ್ಗಿ ಎಷ್ಟು ತಿರುವಿದ್ರೂ ಬರಲಿಲ್ಲ. ಸಂಜಿ ಮುಂದ ಬಂದು ಅದನ್ನೂ ಬಿಚ್ಚಿ ಕೊಟ್ಟು ಹೋಗಂತ ಹೇಳು."